ರಸ್ತೆಯ ಹೆಸರಲ್ಲಿ ಉಳಿದ ಪೈಲಟ್: ಸುರಂಜನ್ ದಾಸ್

ಬಿಟಿಎಂ ಲೇಔಟ್‌ನಲ್ಲಿ ಓಡಾಡೋ ನಮಗೆ ಇಂಜಿನ್ ಟ್ಯೂನಿಂಗ್ ಅನ್ನೋದು ಪಠ್ಯಪುಸ್ತಕಕ್ಕಿಂತ ಮೊದಲು ಪರಿಚಯ ಆಗೋದು ರಸ್ತೆ ಬದಿಯ ಗ್ಯಾರೇಜಲ್ಲಿ. ತಾವರೆಕೆರೆ ಕಡೆ ಹೋಗಲಿ, ಮಡಿವಾಳ ಕಡೆ ಹೋಗಲಿ, ಯಾವುದೋ ಒಂದು ಅಡ್ಡರಸ್ತೆಯಲ್ಲಿ ಹಳೇ ಆರ್‌ಎಕ್ಸ್ 100 ಬಿಚ್ಚಿಟ್ಟುಕೊಂಡು ಕೂತಿರೋ ಮೆಕ್ಯಾನಿಕ್ ಸಿಕ್ಕೇ ಸಿಗ್ತಾರೆ. ಗಿರಾಕಿಗೆ ಬೇಕಿರೋದು ಒಂದೇ, ಪಿಕಪ್. ಅದಕ್ಕೆ ಬೋರ್ ಮಾಡಿಸ್ತಾರೆ, ಪೋರ್ಟ್ ಉಜ್ಜಿಸ್ತಾರೆ, ಕಾರ್ಬ್ಯುರೇಟರ್ ಜೆಟ್ ಬದಲಾಯಿಸ್ತಾರೆ, ಕೊನೆಗೆ ಊರೆಲ್ಲ ಎಚ್ಚರ ಆಗೋ ಹಾಗೆ ಒಂದು ಸೈಲೆನ್ಸರ್ ಹಾಕಿಸ್ತಾರೆ. ನಮ್ಮ ಮೆಕ್ಯಾನಿಕಲ್ ಬ್ರಾಂಚಿನ ಅರ್ಧ ಜನಕ್ಕೆ ಇದೇ ಮೊದಲ ಲ್ಯಾಬ್.

ಇರುವ ಇಂಜಿನ್ನಿನಿಂದಲೇ ಇನ್ನಷ್ಟು ಶಕ್ತಿ ಹಿಂಡಬೇಕು ಅನ್ನೋ ಈ ಆಸೆ ಬರೀ ಬೈಕು ಕಾರಿನದ್ದಲ್ಲ. ನಮ್ಮದೇ ಬೆಂಗಳೂರಿನಲ್ಲಿ, ಐವತ್ತು ಅರವತ್ತು ವರ್ಷದ ಹಿಂದೆ, ಇದೇ ಆಸೆಯಿಂದ ಒಂದು ಜೆಟ್ ಇಂಜಿನ್ ಮೇಲೆ ಕೆಲಸ ನಡೆಯಿತು. ಆ ಕೆಲಸವನ್ನು ಆಕಾಶದಲ್ಲಿ ಪರೀಕ್ಷೆ ಮಾಡಲು ಹೋದವರು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್. ಅವರ ಹೆಸರು ನಮ್ಮೆಲ್ಲರಿಗೂ ಗೊತ್ತು. ಆದರೆ ಬಹಳ ಜನಕ್ಕೆ ಗೊತ್ತಿರೋದು ಟ್ರಾಫಿಕ್ ಜಾಮ್ ಆಗುವ ಒಂದು ರಸ್ತೆಯ ಹೆಸರಾಗಿ ಮಾತ್ರ. ಹಳೇ ಏರ್‌ಪೋರ್ಟ್ ರಸ್ತೆಯಿಂದ ಹಳೇ ಮದ್ರಾಸ್ ರಸ್ತೆಯ ಕಡೆ ಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ ಇಂಟರ್ನ್‌ಶಿಪ್‌ಗೋ ಸಂದರ್ಶನಕ್ಕೋ ಓಡಾಡಿದವರು ನಮ್ಮಲ್ಲಿ ಎಷ್ಟೋ ಜನ ಇದ್ದೀವಿ. ಈ ಸಲ ಆ ಹೆಸರಿನ ಹಿಂದೆ ಇರೋ ಮನುಷ್ಯನ ಕಥೆ ಹೇಳೋಣ ಅಂದುಕೊಂಡೆವು.

ನ್ಯಾಯಾಧೀಶರ ಮನೆಯಿಂದ ಕಾಕ್‌ಪಿಟ್‌ಗೆ

ಸುರಂಜನ್ ದಾಸ್ ಹುಟ್ಟಿದ್ದು 1920ರಲ್ಲಿ, ಬಂಗಾಳಿ ಕುಟುಂಬದಲ್ಲಿ. ತಂದೆ ಸುಧಿ ರಂಜನ್ ದಾಸ್ ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು. ಮುಂದೆ ವಕೀಲರಾಗಿ, ನ್ಯಾಯಾಧೀಶರಾಗಿ, 1956ರಿಂದ 1959ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಆಮೇಲೆ ವಿಶ್ವಭಾರತಿಯ ಉಪಕುಲಪತಿಯೂ ಆದರು. ಅಂಥ ಮನೆಯ ಹುಡುಗ ಕಪ್ಪು ಕೋಟು ಹಾಕೋದು ಸಹಜವಾಗಿತ್ತು. ಈ ಹುಡುಗ ಹಾಕಿದ್ದು ವಾಯುಪಡೆಯ ಸಮವಸ್ತ್ರ, ಎರಡನೇ ಮಹಾಯುದ್ಧದ ಕಾಲದಲ್ಲಿ.

ಯುದ್ಧ ಮುಗಿದು ದೇಶ ಸ್ವತಂತ್ರವಾದಾಗ ಅವರಿಗೆ 27 ವರ್ಷ. ಹೊಸ ದೇಶದ ವಾಯುಪಡೆಗೆ ಪೈಲಟ್‌ಗಳು ಬೇಕಿತ್ತು, ಸರಿ. ಆದರೆ ವಿಮಾನ ನಾವೇ ತಯಾರು ಮಾಡ್ತೀವಿ ಅಂತ ಹೊರಟರೆ ಇನ್ನೊಂದು ಜಾತಿಯ ಪೈಲಟ್ ಬೇಕಾಗ್ತಾರೆ, ಟೆಸ್ಟ್ ಪೈಲಟ್. ಇದು ಕಲಿಯುವ ವಿದ್ಯೆ. ಆಗ ಅದಕ್ಕೆ ಹೆಸರಾಗಿದ್ದ ಜಾಗ ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್. ಅಲ್ಲಿ ತರಬೇತಿ ಪಡೆದು ಬಂದ ಮೊದಲ ಭಾರತೀಯರಲ್ಲಿ ದಾಸ್ ಒಬ್ಬರು.

ಟೆಸ್ಟ್ ಪೈಲಟ್ ಅಂದ ಕೂಡಲೇ ಸಿನಿಮಾ ನೋಡಿದ ನಮಗೆ ಕನ್ನಡಕ ಹಾಕಿಕೊಂಡು ಪಲ್ಟಿ ಹೊಡೆಸೋ ಹೀರೋ ನೆನಪಾಗ್ತಾನೆ. ನಿಜವಾದ ಕೆಲಸ ಲ್ಯಾಬ್ ಎಕ್ಸ್‌ಪೆರಿಮೆಂಟ್‌ಗೆ ಹತ್ತಿರ. ಹಾರುವ ಮೊದಲು ಒಂದು ಟೆಸ್ಟ್ ಕಾರ್ಡ್ ಇರುತ್ತೆ. ಇಷ್ಟು ಎತ್ತರ, ಇಷ್ಟು ವೇಗ, ಈ ಸ್ಥಿತಿಯಲ್ಲಿ ಕಡ್ಡಿಯನ್ನು ಇಷ್ಟು ಎಳೆದರೆ ಏನಾಗುತ್ತೆ ನೋಡು ಅಂತ. ಒಂದು ಹಾರಾಟದಲ್ಲಿ ಒಂದೆರಡು ಅಂಶ ಮಾತ್ರ ಬದಲಾಯಿಸೋದು, ಉಳಿದದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳೋದು. ನಿನ್ನೆ ಸುರಕ್ಷಿತ ಅಂತ ತಿಳಿದ ಗೆರೆಯಿಂದ ಇವತ್ತು ಒಂದೇ ಹೆಜ್ಜೆ ಆಚೆ. ಕೆಳಗಿಳಿದ ಮೇಲೆ ವಿನ್ಯಾಸಕರ ಜೊತೆ ಕೂತು, ಕಂಪನ ಎಲ್ಲಿಂದ ಬಂತು, ಯಾವ ವೇಗದಲ್ಲಿ ಬಂತು, ಎಷ್ಟು ಸೆಕೆಂಡ್ ಇತ್ತು ಅಂತ ಲೆಕ್ಕ ಒಪ್ಪಿಸಬೇಕು. ಇವತ್ತಿನ ಹಾಗೆ ಸಾವಿರಾರು ಸೆನ್ಸರ್‌ಗಳ ಓದು ನೆಲದ ಮೇಲಿನ ಕಂಪ್ಯೂಟರಿಗೆ ಬರುತ್ತಿದ್ದ ಕಾಲ ಅಲ್ಲ ಅದು. ಬಹಳಷ್ಟು ಸಲ ಪೈಲಟ್ಟಿನ ಕಣ್ಣು, ಕಿವಿ, ಬೆನ್ನೇ ಸೆನ್ಸರ್.

ದಾಸ್ ಈ ಕೆಲಸ ಮಾಡಲು ಬಂದದ್ದು ಬೆಂಗಳೂರಿನ ಎಚ್‌ಎಎಲ್‌ಗೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ವಿಮಾನ ರಿಪೇರಿ ಮಾಡಿ ಕೈ ಪಳಗಿಸಿಕೊಂಡಿತ್ತು. ಡಾ. ವಿ.ಎಂ. ಘಾಟಗೆ ಅವರ ವಿನ್ಯಾಸದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಇಲ್ಲಿಂದಲೇ ಹಾರಿತ್ತು. ಅದು ಪ್ರೊಪೆಲ್ಲರ್ ವಿಮಾನ. ಅಲ್ಲಿಂದ ಜೆಟ್ ಫೈಟರ್‌ಗೆ ಹಾರೋದು ಅಂದ್ರೆ ಲೂನಾ ಓಡಿಸುತ್ತಿದ್ದವರು ಒಮ್ಮೆಗೇ ರೇಸ್ ಟ್ರ್ಯಾಕಿಗೆ ಇಳಿದ ಹಾಗೆ.

ಒಳ್ಳೇ ಬಾಡಿ, ಸಾಲದ ಇಂಜಿನ್

1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಎರಡನೇ ಮಹಾಯುದ್ಧದ ಫೋಕ್-ವುಲ್ಫ್ 190 ವಿಮಾನ ಇವರದ್ದೇ. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾದಲ್ಲಿ ಪುಲ್ಕಿ-2 ಅನ್ನೋ ಜೆಟ್ ಮಾಡಿದ್ದರು. ತಮ್ಮ ಜೊತೆ ಕೆಲವು ಜರ್ಮನ್ ಇಂಜಿನಿಯರ್‌ಗಳನ್ನು ಕರೆತಂದು, ಘಾಟಗೆ ಅವರಂಥ ಇಲ್ಲಿನ ವಿನ್ಯಾಸಕರ ಜೊತೆ ಎಚ್‌ಎಫ್-24 ಕೆಲಸ ಶುರು ಮಾಡಿದರು. ಮುಂದೆ ಅದಕ್ಕೆ ಮಾರುತ್ ಅಂತ ಹೆಸರಾಯ್ತು. ಗುರಿ ಸಣ್ಣದಲ್ಲ, ಶಬ್ದದ ಎರಡು ಪಟ್ಟು ವೇಗದ ಆಸುಪಾಸು.

ಮೊದಲು ಅದೇ ಆಕಾರದ ಪೂರ್ಣಗಾತ್ರದ ಮರದ ಗ್ಲೈಡರ್ ಕಟ್ಟಿದರು. ಇಂಜಿನ್ ಇಲ್ಲ. ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಿ ಬಿಡೋದು, ಪೈಲಟ್ ಅದನ್ನು ತೇಲಿಸಿಕೊಂಡು ಇಳಿಸೋದು. 1959ರಿಂದ ಇಂಥ ಹತ್ತಾರು ಹಾರಾಟ ನಡೆದವು. ಸಿಮ್ಯುಲೇಷನ್ ಸಾಫ್ಟ್‌ವೇರ್ ಇಲ್ಲದ ಕಾಲದಲ್ಲಿ ಬಾಡಿಯ ಗುಣ ತಿಳಿಯಲು ಇದಕ್ಕಿಂತ ಒಳ್ಳೇ ದಾರಿ ಇರಲಿಲ್ಲ. ಬಾಡಿ ಪಾಸ್ ಆಯ್ತು. ತೆಳುವಾದ ಹಿಂಬಾಗಿದ ರೆಕ್ಕೆ, ಅಡ್ಡಕೊಯ್ತದ ವಿಸ್ತೀರ್ಣ ಎಲ್ಲೂ ತಟ್ಟನೆ ಏರಿಳಿಯದ ಹಾಗೆ ಸೊಂಟ ಕಿರಿದು ಮಾಡಿದ ಒಡಲು, ಎಲ್ಲವೂ ಹೆಚ್ಚು ವೇಗಕ್ಕೆ ಸಿದ್ಧವಾಗಿತ್ತು.

ಸಮಸ್ಯೆ ಇದ್ದದ್ದು ಇಂಜಿನ್‌ನಲ್ಲಿ. ಟ್ಯಾಂಕ್ ಲೆಕ್ಕ ಹಾಕಿಕೊಂಡಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12 ಇಂಜಿನ್ ಮೇಲೆ. ಅದು ರೀಹೀಟ್ ಹಾಕಿದಾಗ ಸುಮಾರು 8,170 ಪೌಂಡ್ ಥ್ರಸ್ಟ್ ಕೊಡಬೇಕಿತ್ತು. ಅಂಥವು ಎರಡು ಹಾಕೋದು ಯೋಜನೆ. ಆದರೆ ಆ ಇಂಜಿನ್ ಅಭಿವೃದ್ಧಿಗೆ ಬ್ರಿಟನ್ ದುಡ್ಡು ನಿಲ್ಲಿಸಿತು. ಭಾರತ ಹಣ ಹಾಕಿದರೆ ಮುಂದುವರಿಸ್ತೀವಿ ಅಂತ ಕಂಪನಿ ಕೇಳಿತು, ನಮ್ಮ ಸರ್ಕಾರ ಒಪ್ಪಲಿಲ್ಲ. ಕೈಯಲ್ಲಿ ಉಳಿದದ್ದು ಆರ್ಫಿಯಸ್ 703. ಥ್ರಸ್ಟ್ 4,850 ಪೌಂಡ್, ರೀಹೀಟ್ ಇಲ್ಲ. ನ್ಯಾಟ್ ವಿಮಾನಕ್ಕಾಗಿ ಇದೇ ಕುಟುಂಬದ ಇಂಜಿನ್ ಬೆಂಗಳೂರಲ್ಲೇ ಲೈಸೆನ್ಸ್ ಮೇಲೆ ತಯಾರಾಗುತ್ತಿತ್ತು, ಅದೊಂದೇ ಸಮಾಧಾನ. ಸ್ಪೋರ್ಟ್ಸ್ ಕಾರಿನ ಬಾಡಿ ಕಟ್ಟಿ, ಬಾನೆಟ್ ಒಳಗೆ ಪ್ರೀಮಿಯರ್ ಪದ್ಮಿನಿ ಇಂಜಿನ್ ಇಟ್ಟ ಹಾಗಾಯ್ತು.

ಅಂಥ ವಿಮಾನವನ್ನು 1961ರ ಜೂನ್ 17ರಂದು ಮೊದಲ ಸಲ ಹಾರಿಸಿದವರು, ಆಗ ವಿಂಗ್ ಕಮಾಂಡರ್ ಆಗಿದ್ದ ಸುರಂಜನ್ ದಾಸ್. ಎಚ್‌ಎಎಲ್ ರನ್‌ವೇಯಿಂದ ಮೇಲೆದ್ದು ಕ್ಷೇಮವಾಗಿ ಇಳಿದರು. ಭಾರತದಲ್ಲಿ ವಿನ್ಯಾಸವಾದ ಮೊದಲ ಜೆಟ್ ಫೈಟರ್ ಅದು. ಒಂದು ವಾರದ ನಂತರ, ಜೂನ್ 24ರಂದು, ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಎದುರು ಮತ್ತೆ ಹಾರಿಸಿ ತೋರಿಸಿದರು. 1964ರ ಸೆಪ್ಟೆಂಬರ್ 4ರಂದು ಎಚ್‌ಎಎಲ್‌ನ ಕಿರಣ್ ಜೆಟ್ ತರಬೇತಿ ವಿಮಾನ ಮೊದಲ ಸಲ ಹಾರಿದಾಗಲೂ ಕಾಕ್‌ಪಿಟ್‌ನಲ್ಲಿ ಇದ್ದವರು ಇವರೇ. ಮುಂದೆ ನಮ್ಮ ವಾಯುಪಡೆಯ ಎಷ್ಟೋ ತಲೆಮಾರಿನ ಪೈಲಟ್‌ಗಳು ಜೆಟ್ ಕಲಿತದ್ದು ಕಿರಣ್‌ನಲ್ಲೇ.

ಕಾರಿಂದ ಜೆಟ್‌ಗೆ, ಅದೇ ಗಣಿತ

ಇಲ್ಲಿ ಒಂಚೂರು ಪಕ್ಕಕ್ಕೆ ಹೋಗಿ ಬರೋಣ. ಆರ್ಫಿಯಸ್ ಮಾಡಿದ ಬ್ರಿಸ್ಟಲ್‌ನವರು ಕಾರನ್ನೂ ಮಾಡುತ್ತಿದ್ದರು ಅಂದ್ರೆ ನಂಬ್ತೀರಾ? ಯುದ್ಧ ಮುಗಿದ ಮೇಲೆ ಬಿಎಂಡಬ್ಲ್ಯು 328 ಸ್ಪೋರ್ಟ್ಸ್ ಕಾರಿನ ಎರಡು ಲೀಟರ್, ಆರು ಸಿಲಿಂಡರ್ ಇಂಜಿನ್ ವಿನ್ಯಾಸವನ್ನು ತೆಗೆದುಕೊಂಡು ತಮ್ಮ ಕಾರಿಗೆ ಹಾಕಿದರು. ಮೂಲದಲ್ಲಿ 80 ಅಶ್ವಶಕ್ತಿ ಇದ್ದದ್ದನ್ನು, ಸಾಮರ್ಥ್ಯ ಅದೇ 1,971 ಸಿಸಿ ಇಟ್ಟುಕೊಂಡು, ಕ್ಯಾಮ್, ಕಂಪ್ರೆಷನ್, ಕಾರ್ಬ್ಯುರೇಟರ್ ತಿದ್ದುತ್ತಾ ತಿದ್ದುತ್ತಾ 120ರ ಮೇಲಕ್ಕೆ ಒಯ್ದರು. ಎಸಿ ಏಸ್ ಅನ್ನೋ ಪುಟ್ಟ ಸ್ಪೋರ್ಟ್ಸ್ ಕಾರು ಹೆಸರು ಮಾಡಿದ್ದು ಈ ಬ್ರಿಸ್ಟಲ್ ಇಂಜಿನ್ ಹೊತ್ತುಕೊಂಡು.

ಆರ್ಫಿಯಸ್‌ನ ಹಿಂದಿದ್ದ ಸ್ಟ್ಯಾನ್ಲಿ ಹೂಕರ್ ಕೂಡ ಟ್ಯೂನಿಂಗಿನವರೇ. ಯುದ್ಧಕಾಲದಲ್ಲಿ ರೋಲ್ಸ್-ರಾಯ್ಸ್‌ನಲ್ಲಿದ್ದಾಗ ಮರ್ಲಿನ್ ಇಂಜಿನ್ನಿನ ಸೂಪರ್‌ಚಾರ್ಜರ್ ತಿದ್ದಿ, ಅದೇ 27 ಲೀಟರ್ ಇಂಜಿನ್ನಿನಿಂದ ಎಷ್ಟೋ ಹೆಚ್ಚು ಶಕ್ತಿ ತೆಗೆದ ಗಣಿತಜ್ಞ ಅವರು. ಇಂಜಿನ್ ಯಾವುದಾದರೂ ಇರಲಿ, ಪ್ರಶ್ನೆ ಎರಡೇ. ಒಳಗೆ ಎಷ್ಟು ಹೆಚ್ಚು ಗಾಳಿ ತುಂಬಬಹುದು? ಆ ಗಾಳಿಯಲ್ಲಿ ಎಷ್ಟು ಹೆಚ್ಚು ಇಂಧನ ಸುಡಬಹುದು?

ಆರ್ಫಿಯಸ್ 703 ಸರಳ ಇಂಜಿನ್. ಏಳು ಹಂತದ ಕಂಪ್ರೆಸರ್, ಒಂದು ಹಂತದ ಟರ್ಬೈನ್, ಎರಡನ್ನೂ ಸೇರಿಸೋ ಒಂದು ಶಾಫ್ಟ್. ಹಗುರ, ನಂಬಿಗಸ್ಥ. ಇದರಿಂದ ಇನ್ನಷ್ಟು ಥ್ರಸ್ಟ್ ಬೇಕು ಅಂದ್ರೆ ಮೊದಲು ಹೊಳೆಯೋ ದಾರಿ ಹೆಚ್ಚು ಇಂಧನ ಸುಟ್ಟು ಟರ್ಬೈನ್‌ಗೆ ಹೋಗೋ ಅನಿಲದ ತಾಪ ಏರಿಸೋದು. ಆದರೆ ಟರ್ಬೈನ್ ಬ್ಲೇಡ್‌ಗಳಿಗೆ ಒಂದು ಮಿತಿ ಇದೆ. ಕೆಂಪಗೆ ಕಾದು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡ್ ನಿಧಾನಕ್ಕೆ ಉದ್ದ ಆಗ್ತಾ ಹೋಗುತ್ತೆ. ಮಟೀರಿಯಲ್ಸ್ ಕ್ಲಾಸಲ್ಲಿ ಕ್ರೀಪ್ ಅಂತ ಓದಿದ್ದೀವಲ್ಲ, ಅದೇ.

ಇನ್ನೊಂದು ದಾರಿ ರೀಹೀಟ್, ಅಂದ್ರೆ ಆಫ್ಟರ್‌ಬರ್ನರ್. ಟರ್ಬೈನ್ ದಾಟಿ ಹೊರಗೆ ಹೋಗುತ್ತಿರೋ ಅನಿಲದಲ್ಲಿ ಸುಡದೇ ಉಳಿದ ಆಮ್ಲಜನಕ ಬೇಕಾದಷ್ಟು ಇರುತ್ತೆ. ಟರ್ಬೈನ್ ಹಿಂದಿನ ಕೊಳವೆಯಲ್ಲಿ ಮತ್ತೊಮ್ಮೆ ಇಂಧನ ಸಿಂಪಡಿಸಿ ಬೆಂಕಿ ಹಚ್ಚಿದರೆ ಅನಿಲ ಇನ್ನೂ ಹಿಗ್ಗಿ, ಇನ್ನೂ ವೇಗವಾಗಿ ಹಿಂದಕ್ಕೆ ನುಗ್ಗುತ್ತೆ. ಅಲ್ಲಿ ತಿರುಗುವ ಬ್ಲೇಡ್ ಇಲ್ಲ, ಹಾಗಾಗಿ ತಾಪ ಏರಿಸಬಹುದು. ಕೇಳೋಕೆ ಸುಲಭ. ಮಾಡೋಕೆ ಹೋದರೆ ಒಂದೊಂದೇ ತೊಡಕು. ಅಷ್ಟು ವೇಗದ ಗಾಳಿಯಲ್ಲಿ ಉರಿ ಆರದ ಹಾಗೆ ಹಿಡಿದಿಡೋ ಫ್ಲೇಮ್ ಹೋಲ್ಡರ್ ಬೇಕು. ಕೊಳವೆಯ ಗೋಡೆ ಕರಗದ ಹಾಗೆ ತಣ್ಣಗಿಡಬೇಕು. ಹಿಗ್ಗಿದ ಅನಿಲಕ್ಕೆ ಜಾಗ ಕೊಡಲು ಹಿಂದಿನ ನಾಝಲ್ ಸರಿಯಾದ ಕ್ಷಣಕ್ಕೆ ಅಗಲ ಆಗಬೇಕು. ಆಗದಿದ್ದರೆ ಒತ್ತಡ ಹಿಂದಕ್ಕೆ ತಿರುಗಿ ಟರ್ಬೈನ್, ಕಂಪ್ರೆಸರ್ ತನಕ ಬಂದು ಇಂಜಿನ್ ಉಸಿರುಕಟ್ಟುತ್ತೆ. ಉರಿ ಆರಿಹೋಗಿ ನಾಝಲ್ ಅಗಲವಾಗೇ ಉಳಿದರೆ ಇರೋ ಥ್ರಸ್ಟ್ ಕೂಡ ಸೋರಿಹೋಗುತ್ತೆ. ಬೈಕಿಗೆ ಸೈಲೆನ್ಸರ್ ಬದಲಾಯಿಸಿ ಜೆಟ್ ಬದಲಾಯಿಸದೇ ಬಿಟ್ಟರೆ ಪಟಪಟ ಅಂತ ಹೊಡೆಯುತ್ತೆ, ಹೆಚ್ಚೆಂದರೆ ರಸ್ತೆ ಬದಿಗೆ ತಳ್ಳಿಕೊಂಡು ಹೋಗ್ತೀವಿ. ಟೇಕಾಫ್ ಆದ ಕ್ಷಣದಲ್ಲಿ ರಸ್ತೆ ಬದಿ ಅಂತ ಒಂದು ಇರಲ್ಲ.

ಬೆಂಗಳೂರಿನ ರೀಹೀಟ್

ಮಾರುತ್‌ಗೆ ಬೇರೆ ಇಂಜಿನ್ ಹುಡುಕೋ ಪ್ರಯತ್ನ ಅನೇಕ ಕಡೆ ನಡೆಯಿತು. ಸೋವಿಯತ್ ಇಂಜಿನ್ ನೋಡಿದರು, ಸರಿಹೋಗಲಿಲ್ಲ. ಈಜಿಪ್ಟ್ ಆಗ ಇ-300 ಅನ್ನೋ ಇಂಜಿನ್ ಮಾಡುತ್ತಿತ್ತು. ಒಂದು ಮಾರುತ್ ವಿಮಾನವನ್ನೇ ಅಲ್ಲಿಗೆ ಕಳಿಸಿ, ಒಂದು ಕಡೆ ಆರ್ಫಿಯಸ್, ಇನ್ನೊಂದು ಕಡೆ ಇ-300 ಹಾಕಿ 1967ರಲ್ಲಿ ಹಾರಿಸಿದರು. ಆ ದಾರಿಯೂ ಮುಚ್ಚಿಹೋಯಿತು. ಅದೇ ವರ್ಷ ಟ್ಯಾಂಕ್ ಕೂಡ ಭಾರತ ಬಿಟ್ಟು ಹೊರಟರು.

ಉಳಿದದ್ದು ಮನೆಯ ದಾರಿ. ಬೆಂಗಳೂರಿನ ಗ್ಯಾಸ್ ಟರ್ಬೈನ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್, ನಾವೆಲ್ಲ ಜಿಟಿಆರ್‌ಇ ಅಂತ ಕರೆಯೋ ಸಂಸ್ಥೆ, ಆರ್ಫಿಯಸ್ 703ಕ್ಕೆ ತಾನೇ ರೀಹೀಟ್ ಮಾಡಲು ಕೈ ಹಾಕಿತು. ಆಗ ಅದಿನ್ನೂ ಎಳೇ ಸಂಸ್ಥೆ. ಅವರು ಸಾಧಿಸಿದ್ದು ಕಡಿಮೆ ಅಲ್ಲ. ಥ್ರಸ್ಟ್ 4,850 ಪೌಂಡ್‌ನಿಂದ ಸುಮಾರು 5,720 ಪೌಂಡ್‌ಗೆ ಏರಿತು, ಹೆಚ್ಚುಕಮ್ಮಿ ಶೇಕಡ 18. ಬೇರೆ ದೇಶದ ಇಂಜಿನ್ನಿಗೆ, ಮೂಲ ಕಂಪನಿ ಪಕ್ಕದಲ್ಲಿ ಇಲ್ಲದೆ, ಇಲ್ಲಿನ ಇಂಜಿನಿಯರ್‌ಗಳು ಮಾಡಿದ ಕೆಲಸ ಇದು.

ಈಗ ಕ್ಯಾಲ್ಕುಲೇಟರ್ ತೆಗೀರಿ. ಗಾಳಿಯ ಎಳೆತ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತೆ. ಹಾಗಾದ್ರೆ ಥ್ರಸ್ಟ್ ಶೇಕಡ 18 ಏರಿದರೆ ಗರಿಷ್ಠ ವೇಗ ಏರೋದು ಅದರ ವರ್ಗಮೂಲದಷ್ಟು, ಅಂದ್ರೆ ಶೇಕಡ 8.6. ಕಾರಿನಲ್ಲಿ ನಾವು ಲೆಕ್ಕ ಹಾಕೋದು ಶಕ್ತಿಯನ್ನು. ಅಲ್ಲಿ ಘನಮೂಲ ಬರುತ್ತೆ, ಶೇಕಡ 18 ಹೆಚ್ಚು ಅಶ್ವಶಕ್ತಿಗೆ ಸಿಗೋ ಗರಿಷ್ಠ ವೇಗ ಶೇಕಡ 5.7 ಮಾತ್ರ. ಇಷ್ಟು ಖರ್ಚು ಮಾಡಿ ಟ್ಯೂನ್ ಮಾಡಿಸಿದರೂ ಟಾಪ್ ಸ್ಪೀಡ್ ಯಾಕೆ ಏರಲಿಲ್ಲ ಅಂತ ಮೆಕ್ಯಾನಿಕ್ ಹತ್ತಿರ ಜಗಳ ಆಡೋರಿಗೆ ಇದೇ ಉತ್ತರ. ವಿಮಾನದಲ್ಲಿ ಇನ್ನೂ ಕಷ್ಟ ಇದೆ. ಶಬ್ದದ ವೇಗ ಹತ್ತಿರ ಬರ್ತಾ ಡ್ರ್ಯಾಗ್ ಕೋಎಫಿಷಿಯೆಂಟ್ಟೇ ಗೋಡೆಯ ಹಾಗೆ ಎದ್ದು ನಿಲ್ಲುತ್ತೆ, ಆಗ 8.6 ಕೂಡ ಸಿಗಲ್ಲ.

ಅದರ ಮೇಲೆ ಇನ್ನೊಂದು ಪೆಟ್ಟು. ರೀಹೀಟ್ ಕೊಳವೆ, ಅಗಲ ಆಗುವ ನಾಝಲ್ ಕೂರಿಸಲು ವಿಮಾನದ ಹಿಂಭಾಗ ದಪ್ಪ ಮಾಡಬೇಕಾಯಿತು. ಸೊಂಟ ಕಿರಿದು ಮಾಡಿ ಅಷ್ಟು ಜತನದಿಂದ ರೂಪಿಸಿದ ಒಡಲಿನ ಬಾಲ ಮೊಂಡಾಯಿತು. ಮೊಂಡು ಬಾಲದ ಹಿಂದೆ ಒತ್ತಡ ತಗ್ಗಿ, ಅದು ವಿಮಾನವನ್ನು ಹಿಂದಕ್ಕೆ ಎಳೆಯುತ್ತೆ. ಹೊಸದಾಗಿ ಸಿಕ್ಕ ಥ್ರಸ್ಟಿನ ದೊಡ್ಡ ಪಾಲನ್ನು ಈ ಹೊಸ ಎಳೆತವೇ ನುಂಗಿತು.

ಇದನ್ನು ಓದಿದಾಗ ನಮಗೆ ಬಲವಾಗಿ ಅನ್ನಿಸಿದ್ದು ಒಂದೇ ಸಂಗತಿ. ಇಂಜಿನ್ ಅನ್ನೋದು ಒಂಟಿ ಭಾಗ ಅಲ್ಲ. ಅದನ್ನು ಮುಟ್ಟಿದರೆ ಬಾಡಿ, ತಂಪು ಮಾಡೋ ವ್ಯವಸ್ಥೆ, ತೂಕದ ಹಂಚಿಕೆ, ಕೊನೆಗೆ ಅದನ್ನು ಓಡಿಸೋ ಮನುಷ್ಯ, ಎಲ್ಲವನ್ನೂ ಮುಟ್ಟಿದ ಹಾಗೆ. ಟೆಸ್ಟ್ ಬೆಂಚಿನ ಮೇಲೆ ಬಂದ ಶೇಕಡ 18, ಆಕಾಶದಲ್ಲಿ ಅಷ್ಟೇ ಇರುತ್ತೆ ಅಂತ ಏನಿಲ್ಲ. ಆಕಾಶದಲ್ಲಿ ಎಷ್ಟಿದೆ ಅಂತ ತಿಳಿಯಲು ಯಾರಾದರೂ ಅದರಲ್ಲಿ ಕೂತು ಹೋಗಲೇಬೇಕು.

1970ರ ಜನವರಿ 10

ಕೂತು ಹೋದವರು ದಾಸ್. ಆಗ ಅವರಿಗೆ 50 ತುಂಬಲು ಕೆಲವೇ ವಾರ ಬಾಕಿ. ಗ್ರೂಪ್ ಕ್ಯಾಪ್ಟನ್ ದರ್ಜೆಯ ಅಧಿಕಾರಿ, ದೇಶದ ಅತ್ಯಂತ ಅನುಭವಿ ಟೆಸ್ಟ್ ಪೈಲಟ್‌ಗಳಲ್ಲಿ ಒಬ್ಬರು. ಆ ವಯಸ್ಸಿಗೆ, ಆ ದರ್ಜೆಗೆ ಆಫೀಸಿನ ಮೇಜು ಸಿಗೋದು ಕಷ್ಟವಾಗಿರಲಿಲ್ಲ. ಆದರೆ ಮಾರುತ್ ಅನ್ನು ಮೊದಲ ದಿನದಿಂದ ಬಲ್ಲವರು ಅವರು. ಹೊಸ ಬಾಲ ಹಾಕಿದ ಮೇಲೆ ಅದರ ನಡತೆಯಲ್ಲಿ ಏನು ಬದಲಾಯಿತು ಅಂತ ಗುರುತಿಸಲು ಅವರಷ್ಟು ತಕ್ಕವರು ಸಿಗೋದು ಕಷ್ಟ.

ಅವತ್ತು ರೀಹೀಟ್ ಹಾಕಿದ ಮಾರುತ್‌ನ ಮಾದರಿ, ಮಾರ್ಕ್ 1ಆರ್, ಎಚ್‌ಎಎಲ್ ರನ್‌ವೇಯಿಂದ ಮೇಲೆದ್ದ ಸ್ವಲ್ಪ ಹೊತ್ತಿಗೇ ನೆಲಕ್ಕೆ ಅಪ್ಪಳಿಸಿತು. ಸುರಂಜನ್ ದಾಸ್ ತೀರಿಕೊಂಡರು. ಅದೇ ವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಕೊಟ್ಟಿತು. ತಂದೆ ಸುಧಿ ರಂಜನ್ ದಾಸ್ ಆಗ ಬದುಕಿದ್ದರು. ಮಗ ಹೋದ ಮೇಲೆ ಏಳು ವರ್ಷ, 1977ರವರೆಗೆ.

ಮಾದರಿ ವಿಮಾನವೂ ಹೋಯಿತು, ಪೈಲಟ್ಟೂ ಹೋದರು, ಹಿಂಭಾಗದ ಎಳೆತದ ಸಮಸ್ಯೆ ಹಾಗೇ ಉಳಿಯಿತು. ರೀಹೀಟ್ ಮಾರುತ್ ಯೋಜನೆಯನ್ನು ಕೈಬಿಟ್ಟರು. ರೀಹೀಟ್ ಇಲ್ಲದ ಮಾರುತ್ ಮಾತ್ರ ತನ್ನ ಪಾಡಿಗೆ ಕೆಲಸ ಮಾಡಿತು. ಎರಡು ಆಸನದ ತರಬೇತಿ ವಿಮಾನಗಳೂ ಸೇರಿ ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಮೇಲಿನ ಗುರಿಗಳ ಮೇಲೆ ದಾಳಿಗೆ ಬಳಸಿದರು. ತಗ್ಗಿನಲ್ಲಿ ಹಾರುವಾಗ ಅಲುಗಾಡದ ವಿಮಾನ, ಒಂದು ಇಂಜಿನ್ ಕೆಟ್ಟರೂ ಇನ್ನೊಂದರಲ್ಲಿ ಮನೆಗೆ ಬರುತ್ತೆ ಅಂತ ಪೈಲಟ್‌ಗಳು ಅದನ್ನು ನಂಬಿದ್ದರು. ಶಬ್ದದ ಎರಡು ಪಟ್ಟು ವೇಗ ಮಾತ್ರ ಕಾಗದದಲ್ಲೇ ಉಳಿಯಿತು. ನಿಜವಾದ ಮಾರುತ್ ಶಬ್ದದ ವೇಗವನ್ನೇ ಕಷ್ಟಪಟ್ಟು ಮುಟ್ಟುತ್ತಿತ್ತು.

ಮಾರುತ್‌ನ ನಂತರ ನಮ್ಮದೇ ವಿನ್ಯಾಸದ ಇನ್ನೊಂದು ಫೈಟರ್ ಹಾರಲು 2001ರ ಜನವರಿ 4ರವರೆಗೆ ಕಾಯಬೇಕಾಯಿತು. ಅದೇ ಎಚ್‌ಎಎಲ್ ರನ್‌ವೇ, ವಿಮಾನ ತೇಜಸ್. ನಡುವೆ ಸುಮಾರು 40 ವರ್ಷ. ತೇಜಸ್‌ಗೆ ಜಿಟಿಆರ್‌ಇ ಮಾಡಿದ ಕಾವೇರಿ ಇಂಜಿನ್ ಹಾಕಬೇಕು ಅಂತಿತ್ತು. ಅದು ಬೇಕಾದಷ್ಟು ಥ್ರಸ್ಟ್ ಕೊಡಲಿಲ್ಲ, ಅಮೆರಿಕದ ಎಫ್404 ಇಂಜಿನ್ನಿನಲ್ಲೇ ಹಾರುತ್ತಿದೆ. 1961ರ ಪ್ರಶ್ನೆ ಇವತ್ತಿಗೂ ನಮ್ಮ ಮುಂದೆ ಇದೆ. ಬಾಡಿ ನಾವು ಮಾಡ್ತೀವಿ, ಇಂಜಿನ್ ಯಾರದು?

ನೋಡಬೇಕು ಅಂದ್ರೆ

ಮಾರುತ್ ನೋಡಲು ದೂರ ಹೋಗಬೇಕಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಒಂದು ನಿಂತಿದೆ. ಸ್ಕೂಲ್ ಪ್ರವಾಸದಲ್ಲಿ ಅದರ ಮುಂದೆ ಫೋಟೋ ತೆಗೆಸಿಕೊಂಡವರು ನಮ್ಮಲ್ಲೇ ಇರ್ತಾರೆ. ಎಚ್‌ಎಎಲ್ ಮ್ಯೂಸಿಯಂನಲ್ಲೂ ಇದೆ. ಈ ಸಲ ಹೋದರೆ ಹಿಂದಕ್ಕೆ ಹೋಗಿ ಬಾಲ ನೋಡಿ. ಎರಡು ಕಿರಿದಾದ ನಾಝಲ್ ಪಕ್ಕಪಕ್ಕ ಕಾಣುತ್ತೆ, ಸುತ್ತ ಒಡಲು ನೀಟಾಗಿ ಇಳಿದು ಬಂದಿರುತ್ತೆ. ಅಲ್ಲಿ ರೀಹೀಟ್ ಕೊಳವೆ ಕೂರಿಸಬೇಕಾದರೆ ಎಷ್ಟು ಜಾಗ ಬೇಕು, ಆ ಇಳಿಜಾರು ಏನಾಗುತ್ತೆ ಅಂತ ಕಣ್ಣಳತೆಯಲ್ಲೇ ಗೊತ್ತಾಗುತ್ತೆ.

ಹಾಗೇ ಇನ್ನೊಂದು ವಿಷಯ. ಸಿ.ವಿ. ರಾಮನ್ ನಗರದ ಜಿಟಿಆರ್‌ಇ, ಆರ್ಫಿಯಸ್‌ಗೆ ರೀಹೀಟ್ ಮಾಡಿದ ಅದೇ ಸಂಸ್ಥೆ, ಇರೋದು ಸುರಂಜನ್ ದಾಸ್ ರಸ್ತೆಯಲ್ಲೇ. ಅಲ್ಲಿ ಇವತ್ತು ಕೆಲಸ ಮಾಡೋ ಇಂಜಿನಿಯರ್‌ಗಳ ಆಫೀಸಿನ ವಿಳಾಸದಲ್ಲಿ ದಿನಾ ಆ ಹೆಸರು ಬರುತ್ತೆ. ತಾವು ಬರೆದ ಲೆಕ್ಕವನ್ನು ಮೇಲೆ ಹೋಗಿ ಪರೀಕ್ಷಿಸಿದ ಮನುಷ್ಯನ ಹೆಸರಿನ ರಸ್ತೆಯಲ್ಲೇ ಒಂದು ಸಂಸ್ಥೆ ಇರೋದು ಅಪರೂಪ.

ನಮ್ಮಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇಂಜಿನ್ ಆರಿಸಿಕೊಂಡವರು ಇದ್ದಾರೆ, ಫಾರ್ಮುಲಾ ಸ್ಟೂಡೆಂಟ್ ಕಾರು ಕಟ್ಟೋರು ಇದ್ದಾರೆ, ಅಪ್ಪನ ಹಳೇ ಪದ್ಮಿನಿಗೆ ಜೀವ ಕೊಡೋಕೆ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕೋರೂ ಇದ್ದಾರೆ. ಅವರಿಗೆಲ್ಲ ಒಂದು ಮಾತು. ರಿಪೋರ್ಟಲ್ಲಿ ಶಕ್ತಿ ಇಷ್ಟು ಶೇಕಡ ಏರಿತು ಅಂತ ಬರೆಯುವಾಗ ಅದರ ಪಕ್ಕದಲ್ಲಿ ಇನ್ನೆರಡು ಸಾಲು ಬರೀರಿ. ಅದರಿಂದ ಬೇರೆ ಏನೇನು ಬದಲಾಯಿತು, ಬ್ರೇಕು, ತಾಪ, ತೂಕ, ಎಳೆತ? ಮೊದಲ ಸಲ ಅದನ್ನು ಓಡಿಸೋರು ಯಾರು, ಏನಾದರೂ ಕೈಕೊಟ್ಟರೆ ಅವರಿಗೆ ಇರೋ ದಾರಿ ಏನು? ಈ ಎರಡು ಸಾಲಿಗೆ ಗೈಡ್ ಮಾರ್ಕ್ಸ್ ಕೊಡ್ತಾರೋ ಇಲ್ಲವೋ, ಹೆಲ್ಮೆಟ್ ಹಾಕಿಕೊಂಡು ಸೀಟಲ್ಲಿ ಕೂರೋ ಗೆಳೆಯನಿಗೆ ಬೇಕಾಗಿರೋದು ಅದೇ.